ಎಡಗೈಯ ಪ್ರಗತಿ ವರದಿ

ನಂಜನಗೂಡು
೪ ಮಾರ್ಚ್ ೨೦೦೮

ಶ್ರೀಯುತ ಕರಿಯಪ್ಪನವರಿಗೆ,

ವಿಷಯ: ನನ್ನ ಎಡಗೈ ಇನ್ನೂ ನನ್ನ ಮಾತು ಕೇಳದಿರುವ ಬಗ್ಗೆ.
ಉಲ್ಲೇಖ: ಮೈಸೂರಿನ ಆಸ್ಪತ್ರೆಯಲ್ಲಿ ಅಕ್ಕಪಕ್ಕದ ಮಂಚಗಳ ಮೇಲೆ ಮಲಗಿ, ಪರಸ್ಪರ ಕಾಗದ ಬರೆಯುವುದಾಗಿ ನಾವು ಮಾಡಿಕೊಂಡ ಒಪ್ಪಂದ.

ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರುವುದೇನೆಂದರೆ, ಸದರಿ ಎಡಗೈ ಲಕ್ವ ಹೊಡೆದ ದಿನದಿಂದ ದೀರ್ಘ ರಜೆಯ ಮೇಲಿದ್ದು, ಕಾರಣ ಕೇಳಿ ಕೊಟ್ಟ ನೋಟಿಸಿಗೂ ಉತ್ತರಿಸಿಲ್ಲ. ತಮ್ಮದೂ ಎಡಗೈಯೇ ಆದ್ದರಿಂದ ಇದು ಒಂದೇ ಸಂಘದ ಮುಷ್ಕರವಿರಬಹುದೆಂದು ಅನುಮಾನವಿದೆ.

ವ್ಯಾಯಾಮ ಮಾಡಿಸುವ ಮಹೇಂದ್ರ ಪ್ರತಿ ಗುರುವಾರ ಬರುತ್ತಾನೆ. “ವಾರಕ್ಕೊಂದು ಕಾಗ್ದ ಬರೀರಿ ಸಾ. ಬಲಗೈಲಿ ಪೆನ್ನು ಇಡ್ಕಳಿ, ಎಡಗೈಲಿ ಕಾಗ್ದ ಒತ್ಕಳಿ. ಅದೇ ಔಸ್ದಿ” ಎಂದಿದ್ದಾನೆ. ನಿಮಗೂ ಅದನ್ನೇ ಹೇಳಿರುತ್ತಾನೆ. ಹಾಗಾಗಿ ಇದು ಸ್ನೇಹದ ಪತ್ರವಲ್ಲ, ಮಾತ್ರೆ. ದಿನಕ್ಕೊಮ್ಮೆ ಊಟವಾದ ಮೇಲೆ ಓದಿಕೊಳ್ಳತಕ್ಕದ್ದು.

ಮಹೇಂದ್ರನನ್ನು ಕಳಿಸುವ ಕಾಲೇಜಿನವರೇ ಪ್ರಯೋಗಕ್ಕೆಂದು ನಮ್ಮ ಎಡಗೈಗೆ ಕಟ್ಟಿದ ಆ ಕೈಪಟ್ಟಿ ನಿಮಗೆ ಹೇಗೆ ಒಗ್ಗಿದೆ? ನನಗಂತೂ ವಿಚಿತ್ರ. ಗಡಿಯಾರದಷ್ಟು ದಪ್ಪ, ಗಂಟೆ ತೋರಿಸುವುದಿಲ್ಲ. ಕೈ ಎಷ್ಟು ಸಲ ಆಡಿತೆಂದು ಎಣಿಸುತ್ತದೆ. ಹೊಟ್ಟೆಯಲ್ಲೊಂದು ಕೆಂಪು ದೀಪವಿಟ್ಟುಕೊಂಡು ನಾಡಿಯನ್ನೂ ಇಣುಕಿ ನೋಡುತ್ತದಂತೆ. ಹದಿನೈದು ದಿನಕ್ಕೊಮ್ಮೆ, ಮಂಗಳವಾರ, ಇಂಜಿನಿಯರಿಂಗ್ ಕಾಲೇಜಿನ ಕವನ ಎಂಬ ಹುಡುಗಿ ಬಂದು ವೈರು ಸಿಕ್ಕಿಸಿ ಎಲ್ಲವನ್ನೂ ತನ್ನ ಲ್ಯಾಪ್‌ಟಾಪಿಗೆ ಹೀರಿಕೊಂಡು ಹೋಗುತ್ತಾಳೆ. ಮೂವತ್ತನಾಲ್ಕು ವರ್ಷ ಗುಮಾಸ್ತನಾಗಿ ಊರವರ ಗೋಪ್ಯ ವರದಿ ಬರೆದವನು ನಾನು. ಈಗ ನನ್ನ ಗೋಪ್ಯ ವರದಿಯನ್ನು ನನ್ನ ಕೈಯೇ ಬರೆಯುತ್ತಿದೆ.

ದಿನಕ್ಕೆ ಸಾವಿರ ಗುರಿ ಎಂದಳು. ನನ್ನದು ಇನ್ನೂರ ಹನ್ನೆರಡು. ಗುರಿ ಮುಟ್ಟದವರನ್ನು ಏನು ಮಾಡುತ್ತಾರೆಂದು ನಾನು ಕೇಳಲಿಲ್ಲ. ನಾನು ಇದ್ದ ಇಲಾಖೆಯಲ್ಲಿ (ಯಾವುದೆಂದು ಕೇಳಬೇಡಿ) ಗುರಿ ಮುಟ್ಟದ ತಿಂಗಳೇ ಇರಲಿಲ್ಲ. ನೆಟ್ಟ ಸಸಿ ಸಾವಿರ ಎಂದರೆ ಸಾವಿರ. ಆಡು ತಿಂದದ್ದು ಬೇರೆ ಶಾಖೆಯ ವಿಷಯ.

ನಮ್ಮ ಮನೆಯವಳು ಗುರುಸಿದ್ದಮ್ಮ ನಿಮ್ಮನ್ನು ಕೇಳಿದಳು. “ಆಸ್ಪತ್ರೆಲಿ ನನ್ ಗಂಜಿ ಕುಡ್ಕೊಂಡು ನನ್ನೇ ತಂಗ್ಯಮ್ಮಾ ಅಂದೋರು, ಚೆನ್ನಾಗವ್ರಾ?” ಅಂದಳು. ನನ್ನ ಕೈ ಬಂದರೆ ನಂಜುಂಡೇಶ್ವರನಿಗೆ ಲಕ್ಷ ಬತ್ತಿ ಹಚ್ಚುತ್ತೇನೆಂದು ಹರಕೆ ಹೊತ್ತು, ಹತ್ತಿಯ ಮೂಟೆ ತರಿಸಿ ಹೊಸೆಯಲು ಕೂತಿದ್ದಾಳೆ. ಒಂದು ಕೈಗೆ ಒಂದು ಲಕ್ಷ. ಎರಡೂ ಹೋಗಿದ್ದರೆ ದೇವರಿಗೆ ಲಾಭವಾಗುತ್ತಿತ್ತು.

ತಮ್ಮ ವಿಧೇಯ,
ಶಿವಸ್ವಾಮಿ


ತಿ. ನರಸೀಪುರ
೧೩ ಮಾರ್ಚ್ ೨೦೦೮

ಶಿವಸ್ವಾಮಿಗಳೇ,

ನಿಮ್ಮ ಮಾತ್ರೆ ನುಂಗಿದೆ. ನಮ್ಮ ಮನೆಯಾಕೆ ಚಿನ್ನಮ್ಮನಿಗೂ ಓದಿ ಹೇಳಿದೆ. ಅಂದರೆ, ಓದಿದೆ, ಅವಳಿಗೆ ಅರ್ಥವಾಗಲಿಲ್ಲ. ನನ್ನ ನಾಲಗೆ ಇನ್ನೂ ಹಲ್ಲಿನ ಸಂದಿಯಲ್ಲಿ ದಾರಿ ಹುಡುಕುತ್ತಿದೆ. “ಕೊಡಿ ಇಲ್ಲಿ, ನಾನೇ ಓದ್ಕತೀನಿ. ನಿಮ್ ಬಾಯಲ್ಲಿ ಕೇಳುದ್ರೆ ಅವ್ರು ಬೈದಂಗೇ ಕೇಳ್ಸುತ್ತೆ” ಎಂದು ಕಿತ್ತುಕೊಂಡಳು. ನಾನು ಫೋನು ಮಾಡದಿರುವುದಕ್ಕೆ ಕಾರಣ ಇಷ್ಟೇ. ಸೊಕ್ಕು ಎಂದು ತಿಳಿಯಬೇಡಿ.

ನನ್ನ ಲೆಕ್ಕ ನೂರಾ ತೊಂಬತ್ತು. ನಿಮಗಿಂತ ಇಪ್ಪತ್ತೆರಡು ಕಡಿಮೆ. ಅದರಲ್ಲೂ ಅರ್ಧ ನೊಣ ಓಡಿಸಿದ್ದು.

ನನಗೆ ಈ ಪಟ್ಟಿಯ ಮೇಲೆ ಗೌರವ ಬಂದಿದೆ ಸ್ವಾಮಿ. ಇಪ್ಪತ್ತೇಳು ವರ್ಷ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ತಪಾಸಣೆ ಮಾಡಿದೆ. ಹುಲ್ಲಹಳ್ಳಿ ಬಸ್ಸನ್ನು ನಡುದಾರಿಯಲ್ಲಿ ನಿಲ್ಲಿಸಿ ಹತ್ತಿದರೆ, ಟಿಕೆಟ್ ಇಲ್ಲದವನನ್ನು ಕಣ್ಣಲ್ಲೇ ಹಿಡಿಯುತ್ತಿದ್ದೆ. ಅವನೊಬ್ಬನೇ ಕಿಟಕಿಯಾಚೆ ಭತ್ತದ ಗದ್ದೆಯನ್ನು ಅಷ್ಟು ಭಕ್ತಿಯಿಂದ ನೋಡುವವನು. ಈಗ ನನ್ನ ಮೈಮೇಲೇ ಒಬ್ಬ ಇನ್ಸ್‌ಪೆಕ್ಟರು ಕೂತಿದ್ದಾನೆ, ಇಳಿಯುವುದೂ ಇಲ್ಲ, ಟೀ ಕೊಟ್ಟರೆ ಕುಡಿಯುವುದೂ ಇಲ್ಲ.

ತಂಗ್ಯಮ್ಮನ ಗಂಜಿ ನೆನೆದರೆ ಈಗಲೂ ಬಾಯಲ್ಲಿ ನೀರು. (ಲಕ್ವದಿಂದಲೂ ಇರಬಹುದು.) ಹರಕೆಗೆ ನನ್ನ ಕೈಯನ್ನೂ ಸೇರಿಸಿಕೊಳ್ಳಲು ಹೇಳಿ.

ಇಂತಿ,
ಕರಿಯಪ್ಪ


ನಂಜನಗೂಡು
೧೫ ಏಪ್ರಿಲ್ ೨೦೦೮

ಶ್ರೀಯುತ ಕರಿಯಪ್ಪನವರಿಗೆ,

ವಿಷಯ: ಗುರಿ ಸಾಧನೆ, ಶೇಕಡಾ ನೂರಾ ನಲವತ್ತು.

ಮಾನ್ಯರೇ, ಸಾವಿರದ ನಾನೂರ ಆರು! ಇವತ್ತು ಮಂಗಳವಾರ ಕವನ ಬಂದಿದ್ದಳು. ಲ್ಯಾಪ್‌ಟಾಪು ನೋಡಿದವಳು ಚಪ್ಪಾಳೆ ತಟ್ಟಿಬಿಟ್ಟಳು. “ಸಾರ್, ನಿಮ್ಮನ್ನ ಮೈಸೂರಲ್ಲಿ ಎಲ್ಲರಿಗೂ ತೋರಿಸ್ಬೇಕು” ಅಂದಳು. ನಿವೃತ್ತನಾಗಿ ನಾಲ್ಕು ವರ್ಷದಲ್ಲಿ ನನ್ನನ್ನು ಯಾರೂ ಯಾರಿಗೂ ತೋರಿಸಬೇಕೆಂದಿರಲಿಲ್ಲ. ಗುರುಸಿದ್ದಮ್ಮ ಹತ್ತಿ ಬಿಟ್ಟೆದ್ದು ಬಂದು ಇಬ್ಬರಿಗೂ ರಸಬಾಳೆ ಕೊಟ್ಟಳು.

ಹೇಗೆ ಸಾಧಿಸಿದಿರಿ ಎಂದು ಕೇಳಬೇಡಿ. ಸಾಧನೆಯ ವರದಿಯಲ್ಲಿ ‘ಹೇಗೆ’ ಎಂಬ ಕಲಂ ಇರುವುದಿಲ್ಲ.

ನಿಮ್ಮದು ಎಷ್ಟಾಯಿತು? ಸಂಕೋಚ ಬೇಡ. ಹಿಂದುಳಿದ ತಾಲ್ಲೂಕುಗಳ ಬಗ್ಗೆ ನಮಗೆ ಮೊದಲಿಂದಲೂ ಅನುಕಂಪವಿದೆ.

ತಮ್ಮ ವಿಧೇಯ,
ಶಿವಸ್ವಾಮಿ


ತಿ. ನರಸೀಪುರ
೨ ಮೇ ೨೦೦೮

ಶಿವಸ್ವಾಮಿಗಳೇ,

ಅಭಿನಂದನೆಗಳು. ನಮ್ಮದು ಇನ್ನೂರ ಮೂವತ್ತು. ಹಿಂದುಳಿದ ತಾಲ್ಲೂಕು ತನ್ನ ಪಾಡಿಗೆ ತೆವಳುತ್ತಿದೆ.

ಮಹೇಂದ್ರ ಈಗ ವಾರಕ್ಕೆ ಎರಡು ಸಲ ಬರುತ್ತಿದ್ದಾನೆ. ಮುಂಗೈಯನ್ನು ಮಡಚಿ ಮಡಚಿ, ಒಗೆಯುವ ಬಟ್ಟೆ ಹಿಂಡಿದ ಹಾಗೆ ಹಿಂಡುತ್ತಾನೆ. ನಾನು ಕೂಗಿಕೊಂಡರೆ ಚಿನ್ನಮ್ಮ ಒಳಗಿನಿಂದ, “ಇನ್ನೂ ಒಸಿ ಇಂಡಪ್ಪ, ಬಸ್ಸಲ್ಲಿ ಜನಾನ ಬೋ ಗೋಳುಯ್ಕಂಡವ್ರೆ” ಅನ್ನುತ್ತಾಳೆ.

ಒಂದು ಮಾತು. ನಿಮ್ಮ ಮಾರ್ಚಿನ ಕಾಗದದಲ್ಲಿ ಸಾಲುಗಳು ಕಾಲುವೆಯ ಹಾಗೆ ಓರೆಯಾಗಿ ಹರಿದಿದ್ದವು. ಏಪ್ರಿಲಿನದು ಇನ್ನೂ ಓರೆ. ಒತ್ತಿ ಹಿಡಿಯದಿದ್ದರೆ ಕಾಗದ ಜಾರಿ ಹೀಗಾಗುತ್ತದೆ. ಸಾವಿರದ ನಾನೂರು ಸಲ ಆಡುವ ಕೈ ಕಾಗದದ ಮೂಲೆ ಒತ್ತಲಾರದೇ ಅನ್ನಿಸಿತು. ಹಳೇ ಚಾಳಿ, ಬಿಡಿ. ಬಹುಶಃ ನಿಮ್ಮ ಮೇಜೇ ಓರೆಯಿರಬೇಕು.

ಇಂತಿ,
ಕರಿಯಪ್ಪ


ನಂಜನಗೂಡು
೨೬ ಜೂನ್ ೨೦೦೮

ಶ್ರೀಯುತ ಕರಿಯಪ್ಪನವರಿಗೆ,

ವಿಷಯ: ೧) ಮೇಜು ಓರೆಯಿರುವ ಬಗ್ಗೆ. ೨) ಯಂತ್ರದ ಚಾಡಿ ಬಗ್ಗೆ.

ಮೇಜು ಓರೆಯೇ. ಸ್ಪಷ್ಟೀಕರಣ ಮುಗಿಯಿತು.

ಎರಡನೆಯದು. ಹತ್ತನೇ ತಾರೀಖು ಬಂದ ಕವನ ಚಪ್ಪಾಳೆ ತಟ್ಟಲಿಲ್ಲ. ಲೆಕ್ಕ ಮೂರು ಸಾವಿರ ದಾಟಿತ್ತು, ಆದರೂ ಮುಖ ಸಣ್ಣ ಮಾಡಿಕೊಂಡಳು. “ನಾಡಿ ತಾಳ ತಪ್ತಾ ಇದೆ ಸಾರ್. ಮಧ್ಯಾಹ್ನ ಮಲಗಿದ್ದಾಗ್ಲೂ ತಪ್ಪಿದೆ. ತಡ ಮಾಡ್ಬೇಡಿ” ಎಂದು ಮಾರನೇ ದಿನವೇ ಮೈಸೂರಿಗೆ ಕರೆಸಿದಳು. ಎದೆಗೆ ಕಾಲಿಗೆ ವೈರು ಅಂಟಿಸಿ ನೋಡಿದರು. ನನ್ನ ಹೃದಯ ಶಾಲೆಯ ಗಂಟೆಯ ಹಾಗೆ ಬಡಿಯುತ್ತಿದೆ. ಒಂದು ದಿನ ಅಲ್ಲೇ ಮಲಗಿಸಿ ನೋಡಿದರು. ಗಂಟೆ ತಪ್ಪಲಿಲ್ಲ. ಪಟ್ಟಿ ಕೆಟ್ಟಿದೆ ಎಂದು ಹೊಸದು ಕೊಟ್ಟರು. ಈ ಮಂಗಳವಾರ ಹೊಸದೂ ಅದೇ ಚಾಡಿ ಹೇಳಿತು. ಮತ್ತೊಂದು ಕಟ್ಟಿದ್ದಾರೆ. ಯಂತ್ರಗಳಲ್ಲೂ ಒಂದಕ್ಕೊಂದು ವಶೀಲಿ ಇದೆ ನೋಡಿ.

ಗುರುಸಿದ್ದಮ್ಮ ಮಾತ್ರ ಕಂಗಾಲು. ನನ್ನ ಹೃದಯಕ್ಕೆಂದು ಸೋಮವಾರ ಉಪವಾಸ ಹಿಡಿದಿದ್ದಾಳೆ. ನನ್ನ ಸಾರಿನಿಂದ ಉಪ್ಪು ತೆಗೆದು, ಬೆಳ್ಳುಳ್ಳಿ ಸುರಿದಿದ್ದಾಳೆ. ನಿತ್ಯ ದೇವಸ್ಥಾನಕ್ಕೆ ನಡೆದು ಹೋಗಿ ಬಂದು, ಜಗಲಿಯ ಮೇಲೆ ಕೂತು “ಉಸ್ಸಪ್ಪಾ, ಒಸಿ ತಡೀರಿ, ಎದೆ ಡವಡವ ಅಂತದೆ” ಎಂದು ಸೆರಗಲ್ಲಿ ಗಾಳಿ ಹಾಕಿಕೊಳ್ಳುತ್ತಾಳೆ. ಈ ವಯಸ್ಸಿನಲ್ಲಿ ಉಪವಾಸ ಮಾಡಿ ಬಿಸಿಲಲ್ಲಿ ನಡೆದರೆ ಇನ್ನೇನಾದೀತು? ಹೇಳಿದರೆ ಕೇಳುವವಳಲ್ಲ.

ಮಹೇಂದ್ರ ಈಗ ಬರುತ್ತಿಲ್ಲ. ಏಪ್ರಿಲ್ ಕೊನೆಗೇ, “ನೀವು ಗೆದ್ಬುಟ್ರಿ ಸಾ. ಸಾವ್ರ ದಾಟ್ದೋರ್ ಮನೆಗೆ ನಾವ್ ಓಗಂಗಿಲ್ಲ” ಎಂದು ಕೈಮುಗಿದು ಹೋದ. ಮೊದಲ ಗುರುವಾರ ಬಾಗಿಲು ನೋಡುತ್ತ ಕೂತಿದ್ದೆ. ಬಡ್ತಿ ಸಿಕ್ಕ ನೌಕರನಿಗೆ ಹಳೆಯ ಮೇಜಿನ ಮೇಲಿರುವಂಥ ಮೋಹ, ಅಷ್ಟೇ.

ತಮ್ಮ ವಿಧೇಯ,
ಶಿವಸ್ವಾಮಿ


ತಿ. ನರಸೀಪುರ
೩೦ ಜುಲೈ ೨೦೦೮

ಶಿವಸ್ವಾಮಿಗಳೇ,

ಉತ್ತರ ತಡವಾಯಿತು. ಏನು ಬರೆಯಬೇಕೆಂದು ಗೊತ್ತಾಗಲಿಲ್ಲ.

ನನ್ನ ಲೆಕ್ಕ ಏಳುನೂರು. ಮೊನ್ನೆ ಎಡಗೈಯಲ್ಲಿ ಖಾಲಿ ಲೋಟ ಎತ್ತಿದೆ. ನಿನ್ನೆ ಅರ್ಧ ನೀರಿತ್ತು. ಚಿನ್ನಮ್ಮ ಅಡುಗೆಮನೆಗೆ ಹೋಗಿ ಅತ್ತಳು. ಈರುಳ್ಳಿ ಹೆಚ್ಚುತ್ತಿದ್ದೆ ಅಂದಳು. ಅವತ್ತು ಮನೆಯಲ್ಲಿ ಈರುಳ್ಳಿ ಇರಲಿಲ್ಲ.

ನಾಲಗೆಯೂ ಒಂದಿಷ್ಟು ದಾರಿಗೆ ಬಂದಿದೆ. ನಾಡಿಯ ವಿಷಯ ಉದಾಸೀನ ಮಾಡಬೇಡಿ. ಯಂತ್ರ ಕೆಟ್ಟರೆ ಒಂದು ಕೆಡುತ್ತದೆ. ಎರಡು ಯಂತ್ರ ಒಂದೇ ಸುಳ್ಳು ಹೇಳುವುದಿಲ್ಲ.

ಇನ್ನೊಂದು ವಿಷಯ ಬರೆಯಬೇಕೆಂದಿದ್ದೆ. ಮುಂದಿನ ಕಾಗದದಲ್ಲಿ ನೋಡೋಣ.

ಇಂತಿ,
ಕರಿಯಪ್ಪ


ನಂಜನಗೂಡು
೬ ಅಕ್ಟೋಬರ್ ೨೦೦೮

ಶ್ರೀಯುತ ಕರಿಯಪ್ಪನವರಿಗೆ,

ವಿಷಯ: ಸನ್ಮಾನ.

ಮಾನ್ಯರೇ, ಬರುವ ಹದಿನೆಂಟು, ಶನಿವಾರ, ಮೈಸೂರಿನಲ್ಲಿ ಕಾಲೇಜಿನವರು ಈ ಪ್ರಯೋಗದ ಸಮಾರೋಪ ಮಾಡುತ್ತಿದ್ದಾರೆ. ನಾನು ‘ಮಾದರಿ ರೋಗಿ’. ಶಾಲು, ಹಾರ, ಫಲಕ ಇವೆಯಂತೆ. ರೋಗದಲ್ಲಿ ಮಾದರಿಯಾಗುವುದು ಆರೋಗ್ಯದಲ್ಲಿ ಮಾದರಿಯಾಗುವುದಕ್ಕಿಂತ ಕಷ್ಟ.

ನೀವು ಇನ್ಸ್‌ಪೆಕ್ಟರು. ಓರೆ ಸಾಲು ಹಿಡಿದ ದಿನವೇ ನಿಮಗೆ ವಾಸನೆ ಹತ್ತಿದೆ ಎಂದು ನನಗೆ ಗೊತ್ತು. ಸನ್ಮಾನಕ್ಕೆ ಮೊದಲು ಒಬ್ಬರ ಮುಂದಾದರೂ ನಗಬೇಕೆನಿಸಿದೆ, ಕೇಳಿ. ಏಪ್ರಿಲ್ ಒಂದನೇ ತಾರೀಖು ನಾನು ಸ್ನಾನಕ್ಕೆ ಹೋಗುವಾಗ ಪಟ್ಟಿ ಬಿಚ್ಚಿ ಗುರುಸಿದ್ದಮ್ಮನ ಕೈಗೆ ಕೊಟ್ಟೆ. ಕಳೆದೀತೆಂದು ಅವಳು ಅದನ್ನು ತನ್ನ ಎಡಗೈಗೆ ಕಟ್ಟಿಕೊಂಡು ಬತ್ತಿ ಹೊಸೆಯಲು ಕೂತಳು. ಆಮೇಲೆ ಇಬ್ಬರೂ ಮರೆತೆವು, ಸಂಜೆಯವರೆಗೆ. ಆ ದಿನದ ಲೆಕ್ಕ ಸಾವಿರದ ಮೇಲೆ! ಆಮೇಲೆ ಮರೆಯುವುದೇ ಅಭ್ಯಾಸವಾಯಿತು. ಬೆಳಗ್ಗೆ ಕಾಫಿ ಆದಮೇಲೆ ಅವಳ ಕೈಗೆ, ದೀಪ ಹಚ್ಚುವ ಹೊತ್ತಿಗೆ ನನ್ನ ಕೈಗೆ. ಮೊದಲ ಸಲ “ಇದು ತಪ್ಪಲ್ವಾ?” ಅಂದಳು. “ನಿನ್ನ ಹರಕೆ ನನ್ನ ಕೈಗೇ ತಾನೇ? ಲೆಕ್ಕವೂ ನನ್ನ ಕೈಗೇ ಹೋಗಲಿ ಬಿಡು” ಅಂದೆ. ಪಾಪ, ಒಪ್ಪಿದಳು. ಬಂದವರೆಲ್ಲ ಅಂಕಿಯನ್ನೇ ನೋಡಿದರು, ಟವೆಲು ಹೊದ್ದ ಕೈಯನ್ನು ಯಾರೂ ಕೇಳಲಿಲ್ಲ.

ನನ್ನ ಕೈಯ ನಿಜವಾದ ಲೆಕ್ಕ ಕೇಳುತ್ತೀರಾ? ತಿಳಿಯದು. ಬೆರಳು ಒಳಕ್ಕೆ ಮಡಚಿಕೊಂಡಿವೆ. ಈಗ ಬಿಡಿಸಲೂ ಆಗುವುದಿಲ್ಲ.

ನಾಡಿಯ ಚಾಡಿಯೂ ಇದರಿಂದಲೇ. ಬತ್ತಿ ಹೊಸೆಯುವ ಕೈಯ ಮೇಲೆ ಕೂತ ಯಂತ್ರ ತಾಳ ತಪ್ಪದೆ ಇನ್ನೇನು? ನಾಲ್ಕು ಪಟ್ಟಿ ಬದಲಾಯಿಸಿದ್ದಾರೆ ಪಾಪ. ಬತ್ತಿ ತೊಂಬತ್ತೊಂದು ಸಾವಿರ ದಾಟಿದೆ.

ತಮ್ಮ ವಿಧೇಯ,
ಶಿವಸ್ವಾಮಿ


ತಿ. ನರಸೀಪುರ
೧೦ ಅಕ್ಟೋಬರ್ ೨೦೦೮

ಅಲ್ಲಾ ಶಿವಸ್ವಾಮಿ,

ನಗುವುದಿರಲಿ, ಈ ಕಾಗದ ನಿಂತುಕೊಂಡು ಓದಿ.

ಅದು ನಿಮ್ಮ ನಾಡಿ ಅಲ್ಲ ಎಂದ ಮೇಲೆ ಯಾರ ನಾಡಿ? ಪಟ್ಟಿ ಯಾರ ಕೈಯಲ್ಲಿತ್ತೋ ಅವರದು. ಮಧ್ಯಾಹ್ನ ಮಲಗಿದ್ದಾಗಲೂ ತಪ್ಪಿದೆ ಎಂದು ಆ ಹುಡುಗಿ ಹೇಳಿದಳೆಂದು ನೀವೇ ಬರೆದಿದ್ದೀರಿ. ಮಲಗಿದಾಗ ತಂಗ್ಯಮ್ಮ ಬತ್ತಿ ಹೊಸೆಯುತ್ತಿದ್ದಳೇ? ಜಗಲಿಯ ಮೇಲೆ ಕೂತು ಎದೆ ಡವಡವ ಅನ್ನುತ್ತದೆ ಅಂದವಳು ಯಾರು? ನೀವಲ್ಲವಲ್ಲ! ನಾಲ್ಕು ತಿಂಗಳಿಂದ ಆ ಯಂತ್ರ ಬಡಕೊಳ್ಳುತ್ತಿದೆ, ನೀವು ಪಟ್ಟಿ ಬದಲಾಯಿಸಿಕೊಂಡು ಕೂತಿದ್ದೀರಿ.

ಚಿನ್ನಮ್ಮ ಕಾಗದ ಓದಿ ಒಂದೇ ಮಾತು ಅಂದಳು: “ಗಂಡ್ಸು ಕೈ ಅಂದ್ರೆ ಊರೇ ಎದ್ದು ಕುಣೀತದೆ. ಎಂಗ್ಸು ಎದೆ ಅಂದ್ರೆ ಬಿಸ್ಲು ಅಂತಾರೆ.” ಆಮೇಲೆ ನಿಮ್ಮ ಮನೆಗೆ ಫೋನು ಹಚ್ಚಿದಳು. ಎರಡು ದಿನದಿಂದ ಬರಿಯ ಗೊರಗೊರ ಸದ್ದು. ಲೈನು ಕೆಟ್ಟಿದೆ ಎಂದು ಆಫೀಸಿನವರು ಹೇಳಿದರಂತೆ. ಅದಕ್ಕೇ ಸ್ಪೀಡ್ ಪೋಸ್ಟಿನಲ್ಲಿ ಕಳಿಸುತ್ತಿದ್ದೇನೆ.

ಕಾಗದ ಮುಟ್ಟಿದ ದಿನವೇ ಮೈಸೂರಿಗೆ ಕರಕೊಂಡು ಹೋಗಿ. ಕವನಳಿಗೆ ನಿಜ ಹೇಳಿ. ಮಾನ ಹೋದರೆ ಹೋಗಲಿ.

ಕರಿಯಪ್ಪ


ನಂಜನಗೂಡು
೧೪ ಅಕ್ಟೋಬರ್ ೨೦೦೮

ಶ್ರೀಯುತ ಕರಿಯಪ್ಪನವರಿಗೆ,

ವಿಷಯ: ತಮ್ಮ ಸ್ಪೀಡ್ ಪೋಸ್ಟ್.

ನಿನ್ನೆ ಮುಟ್ಟಿತು. ನಿಂತುಕೊಂಡು ಓದಲು ಶುರು ಮಾಡಿದವನು ಅರ್ಧಕ್ಕೆ ಕೂತೆ. ನೀವು ಹೇಳಿದ್ದು ಸರಿ. ಇಷ್ಟು ದಿನ ನನಗೆ ಹೊಳೆಯಲಿಲ್ಲ. ಹೊಳೆದಿರಲೂಬಹುದು.

ಗುರುಸಿದ್ದಮ್ಮನಿಗೆ ಹೇಳಿದೆ. “ನಂದಾ? ಅಯ್ಯೋ, ಅಷ್ಟೇನಾ! ನಾನು ನಿಮ್ದೂ ಅಂತ ಸೋಮ್ವಾರವೆಲ್ಲಾ ಉಪಾಸ ಬಿದ್ನಲ್ರೀ” ಎಂದು ನಕ್ಕಳು. ಅವಳಿಗೆ ಜೀವ ಹಗುರಾದಂತೆ ಕಂಡಿತು.

ಆಸ್ಪತ್ರೆಗೆ ಹೋಗಲೇಬೇಕು. ಆದರೆ ನೋಡಿ, ಇವತ್ತು ಮಂಗಳವಾರ, ಸಮಾರಂಭದ ಓಡಾಟದಲ್ಲಿ ಕವನ ಈ ಸಲ ಬರುವುದಿಲ್ಲ. ಕಾರ್ಡು ಅಚ್ಚಾಗಿದೆ, ನನ್ನ ಹೆಸರಿದೆ. ಈಗ ಹೋದರೆ ನಾಡಿಯ ಕತೆಯ ಜೊತೆಗೆ ಪಟ್ಟಿಯ ಕತೆಯೂ ಹೊರಬೀಳುತ್ತದೆ. ಕವನಳ ತಲೆಯ ಮೇಲೂ ಬರುತ್ತದೆ. ನಂಜನಗೂಡಿನಲ್ಲೇ ಯಾರಿಗಾದರೂ ತೋರಿಸೋಣವೆಂದರೆ, “ಯಾವಾಗ ಗೊತ್ತಾಯ್ತು, ಹೇಗೆ ಗೊತ್ತಾಯ್ತು” ಎಂದು ಕೇಳದೆ ಬಿಡುತ್ತಾರೆಯೇ? ಶನಿವಾರ ಸಮಾರಂಭ. ಸೋಮವಾರ ಬೆಳಗಿನ ಮೊದಲ ಬಸ್ಸಿಗೆ ಅವಳನ್ನು ಕರೆದುಕೊಂಡು ಹೋಗಿ ಎಲ್ಲ ಒಪ್ಪಿಕೊಳ್ಳುತ್ತೇನೆ. ನಾಲ್ಕು ತಿಂಗಳು ಕಾದದ್ದು ಆರು ದಿನ ಕಾಯಲಾರದೇ? ಅವಳೂ ಹೂಂ ಅಂದಿದ್ದಾಳೆ. ಹೊಸ ಸೀರೆ ತೆಗೆದಿಟ್ಟಿದ್ದಾಳೆ.

ಬತ್ತಿ ಹೊಸೆಯಬೇಡ ಅಂದಿದ್ದೇನೆ. ನಡೆಯಬೇಡ ಅಂದಿದ್ದೇನೆ. ಉಪವಾಸ ಬಿಡಿಸಿದ್ದೇನೆ.

ಶಿವಸ್ವಾಮಿ


ತಿ. ನರಸೀಪುರ
೨೪ ಅಕ್ಟೋಬರ್ ೨೦೦೮

ಮಾದರಿ ರೋಗಿಗಳ ಸನ್ನಿಧಾನಕ್ಕೆ,

ಪೇಪರಿನಲ್ಲಿ ನಿಮ್ಮ ಫೋಟೋ ನೋಡಿದೆ. ಶಾಲು ಚೆನ್ನಾಗಿದೆ. ಫಲಕವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಿದ್ದೀರಿ. ಕನ್ನಡಕ ಹಾಕಿಕೊಂಡು ನೋಡಿದೆ. ಎಡಗೈಯ ಕೆಳಗೆ, ಶಾಲಿನ ಮರೆಯಿಂದ, ಬಳೆ ತೊಟ್ಟ ಇನ್ನೊಂದು ಕೈ ನಿಮ್ಮ ಕೈಯನ್ನು ಎತ್ತಿ ಹಿಡಿದಿದೆ. ಚಪ್ಪಾಳೆ ತಟ್ಟಿದ ಸಭೆಯಲ್ಲಿ ಒಬ್ಬ ಇನ್ಸ್‌ಪೆಕ್ಟರೂ ಇರಲಿಲ್ಲವೆಂದು ಕಾಣುತ್ತದೆ.

ನಮ್ಮನ್ನೂ ಕರೆದಿದ್ದರು. ಎಂಟುನೂರ ಎಂಬತ್ತರವನಿಗೆ ಹಿಂದಿನ ಸಾಲು. ಹೋಗಲಿಲ್ಲ.

ಸೋಮವಾರ ಡಾಕ್ಟರು ಏನಂದರು? ನಾಲ್ಕು ದಿನವಾಯಿತು, ಒಂದು ಕಾರ್ಡಾದರೂ ಹಾಕಬಾರದೇ? ಫೋನು ರಿಂಗಾಗುತ್ತದೆ, ಯಾರೂ ಎತ್ತುವುದಿಲ್ಲ. ಸನ್ಮಾನದ ಸುಸ್ತೋ? ಮಾತ್ರೆ ಏನು ಕೊಟ್ಟಿದ್ದಾರೆ ಬರೆಯಿರಿ. ಚಿನ್ನಮ್ಮ ತಂಗ್ಯಮ್ಮನಿಗೆಂದು ಹುರುಳಿಕಾಳು ತೆಗೆದಿಟ್ಟಿದ್ದಾಳೆ.

ಕರಿಯಪ್ಪ


ನಂಜನಗೂಡು
೨೨ ನವೆಂಬರ್ ೨೦೦೮

ಕರಿಯಪ್ಪನವರೇ,

ಭಾನುವಾರ ಬೆಳಗ್ಗೆ ಎಂಟು ಗಂಟೆಗೆ ಬಿದ್ದಳು. ಹತ್ತೊಂಬತ್ತನೇ ತಾರೀಖು. ಸೋಮವಾರದ ಬಸ್ಸಿಗೆಂದು ಬುತ್ತಿಯ ಡಬ್ಬಿ ತೊಳೆಯುತ್ತಿದ್ದಳು. ಡಬ್ಬಿ ಬಿದ್ದ ಸದ್ದು ಕೇಳಿ, “ಏನೇ ಅದು?” ಎಂದು ಇಲ್ಲಿಂದಲೇ ಕೂಗಿದೆ. ಎರಡನೇ ಸಲವೂ ಇಲ್ಲಿಂದಲೇ ಕೂಗಿದೆ. ಮೂರನೇ ಸಲ ಎದ್ದು ಹೋದೆ.

ಎತ್ತಲು ಒಂದು ಕೈ ಸಾಲಲಿಲ್ಲ. ಪಕ್ಕದ ಮನೆಯ ದೊಡ್ಡಮ್ಮ ಬಂದಳು.

ಬಲಗಡೆ ಪೂರ್ತಿ ಹೋಗಿದೆ. ಮಾತು ಹೋಗಿದೆ. ಹೃದಯದ ತಾಳ ತಪ್ಪಿ, ಅಲ್ಲಿ ರಕ್ತ ಹೆಪ್ಪುಗಟ್ಟಿ, ಅದು ಮೆದುಳಿಗೆ ಹೋಗಿದೆ ಎಂದರು. ಮೊದಲೇ ಗೊತ್ತಾಗಿದ್ದರೆ ರಕ್ತ ತೆಳುವಾಗುವ ಮಾತ್ರೆ ಕೊಡುತ್ತಿದ್ದರಂತೆ. “ಎಷ್ಟು ದಿನದಿಂದ ತಪ್ಪುತ್ತಿತ್ತೋ ಹೇಳೋಕಾಗಲ್ಲ” ಎಂದರು ಡಾಕ್ಟರು. ನಾನು ಹೇಳಬಲ್ಲೆ. ಜೂನ್ ಹತ್ತರಿಂದ. ಹದಿನೈದು ದಿನಕ್ಕೊಂದರಂತೆ ವರದಿ ಇದೆ.

ಕವನ ಆಸ್ಪತ್ರೆಗೆ ಬಂದಿದ್ದಳು. ಅವಳಿಗೆ ಎಲ್ಲ ಹೇಳಿದೆ. ಬಯ್ಯುತ್ತಾಳೆ ಎಂದುಕೊಂಡಿದ್ದೆ. ಗೋಡೆಗೆ ಒರಗಿ ನಿಂತು, “ನಾಲ್ಕು ಪಟ್ಟಿ ಕೆಟ್ಟಿದೆ ಅಂತ ಬರೆದು ವಾಪಸ್ ಕಳಿಸಿದೆ ಸಾರ್. ನಾಲ್ಕೂ ಸರಿಯಾಗಿದ್ವು” ಅಂದಳು.

ಗುರುಸಿದ್ದಮ್ಮನಿಗೂ ಒಂದು ಪಟ್ಟಿ ಕಟ್ಟಿ, ಮಹೇಂದ್ರನನ್ನು ಕಳಿಸಿ ಎಂದು ಬೇಡಿದೆ. ಪ್ರಯೋಗ ಮುಗಿದಿದೆಯಂತೆ. ಫಲಿತಾಂಶ ತೃಪ್ತಿಕರ ಎಂದು ವರದಿ ಹೋಗಿದೆಯಂತೆ. ಈಗ ನನ್ನ ಅಂಕಿ ಹೊಡೆದುಹಾಕಿ ಹೊಸ ವರದಿ ಮಾಡುತ್ತಾರೆ. ಹೊಸ ರೋಗಿಗಳನ್ನು ತೆಗೆದುಕೊಳ್ಳುವುದಿಲ್ಲ.

ಅವಳು ನನ್ನನ್ನು ನೋಡುತ್ತಾಳೆ. ಕೋಪವೋ ಅಲ್ಲವೋ ತಿಳಿಯುವುದಿಲ್ಲ. ಅದನ್ನು ಎಣಿಸುವ ಯಂತ್ರ ಇದ್ದಿದ್ದರೆ ಕಟ್ಟಿಸಿಕೊಳ್ಳುತ್ತಿದ್ದೆನೋ ಇಲ್ಲವೋ, ಅದೂ ತಿಳಿಯದು.

ಶಿವಸ್ವಾಮಿ


ತಿ. ನರಸೀಪುರ
೧ ಡಿಸೆಂಬರ್ ೨೦೦೮

ಶಿವಸ್ವಾಮಿ,

ಒಂದು ವಾರ ಪೆನ್ನು ಹಿಡಿದು ಹಿಡಿದು ಇಟ್ಟೆ. ಅಕ್ಟೋಬರಿನಲ್ಲಿ ಅಷ್ಟು ಅಬ್ಬರಿಸಿ ಬರೆದೆನಲ್ಲ, ಮಾನ ಹೋದರೆ ಹೋಗಲಿ ಅಂತ. ನನ್ನ ಮಾನದ ವಿಷಯ ಬರೆದಿರಲಿಲ್ಲ.

ನಿಮ್ಮ ಲೆಕ್ಕ ಸುಳ್ಳೆಂದು ನನಗೆ ಮೇ ತಿಂಗಳಲ್ಲೇ ಗೊತ್ತಿತ್ತು. ಓರೆ ಸಾಲು ನೋಡಿದ ದಿನವೇ. ಪಟ್ಟಿ ಯಾರ ಕೈಯಲ್ಲಿದೆ ಎಂಬುದೊಂದು ಗೊತ್ತಿರಲಿಲ್ಲ. ಅದೇ ವಾರ ಮಹೇಂದ್ರ, “ನಂಜನಗೂಡ್ನೋರು ಗೆದ್ಬುಟ್ರು ಸಾ. ಅವ್ರ ಗುರ್ವಾರ ಇನ್ಮೇಲೆ ನಿಮ್ಗೆ” ಅಂದ. ನನ್ನ ಸೋಮವಾರದ ಜೊತೆಗೆ ನಿಮ್ಮ ಗುರುವಾರವೂ ನನಗೆ ಬಂತು. ಕಾಲೇಜಿಗೆ ಒಂದು ಕಾರ್ಡು ಹಾಕಿದ್ದರೆ ಸಾಕಿತ್ತು, ಕವನ ಬಂದು ತನಿಖೆ ಮಾಡುತ್ತಿದ್ದಳು. ಜೂನಿನಲ್ಲಿ ನಾಡಿ ತಪ್ಪಿದಾಗ ಅದು ಯಾರ ನಾಡಿ ಎಂದು ಆ ಕ್ಷಣವೇ ಹುಡುಕುತ್ತಿದ್ದಳು. ಹಾಕಲಿಲ್ಲ. ನನ್ನ ಬೆರಳು ಬಿಡಿಸಲು ಬರುತ್ತಿತ್ತು, ಲೋಟ ಎತ್ತಲು ಬರುತ್ತಿತ್ತು. ಜುಲೈನಲ್ಲಿ ಬರೆಯಲು ಹೊರಟು ‘ಮುಂದಿನ ಕಾಗದದಲ್ಲಿ’ ಎಂದು ಮುಗಿಸಿದ್ದು ಇದನ್ನೇ.

ಇಪ್ಪತ್ತೇಳು ವರ್ಷದಲ್ಲಿ ಟಿಕೆಟ್ ಇಲ್ಲದ ಒಬ್ಬನನ್ನೂ ನಾನು ಬಿಟ್ಟವನಲ್ಲ. ನಿಮ್ಮೊಬ್ಬರನ್ನು ಬಿಟ್ಟೆ. ನಿಮ್ಮ ಸೀಟು ನನಗೆ ಸಿಕ್ಕಿತ್ತು.

ಈಗ ನನ್ನ ಎಡಗೈ ತುಂಬಿದ ಕೊಡ ಎತ್ತುತ್ತದೆ. ಚಿನ್ನಮ್ಮನಿಗೆ ಎಲ್ಲ ಹೇಳಿದೆ. ಅವಳು ಕೊಡವನ್ನು ನನ್ನ ಕೈಯಿಂದ ಕಿತ್ತಿಟ್ಟು, “ಓಗಿ, ಆ ಯಮ್ಮನ ಕಾಲಿಗೆ ಬೀಳಿ” ಅಂದಳು. ಮಹೇಂದ್ರ ನನಗೆ ಮಾಡಿಸಿದ್ದೆಲ್ಲ ನನಗೆ ಬಾಯಿಪಾಠವಾಗಿದೆ. ವಾರಕ್ಕೆ ಎರಡು ದಿನ ಬಂದು ತಂಗ್ಯಮ್ಮನ ಕೈಕಾಲಿಗೆ ಮಾಡಿಸುತ್ತೇನೆ. ಬರಬೇಡ ಅಂದರೆ ಬರುವುದಿಲ್ಲ. ಬಾಗಿಲಲ್ಲಿ ಬಯ್ದರೆ ಬಯ್ಸಿಕೊಳ್ಳುತ್ತೇನೆ.

ಕರಿಯಪ್ಪ


ನಂಜನಗೂಡು
೮ ಡಿಸೆಂಬರ್ ೨೦೦೮

ಕರಿಯಪ್ಪನವರೇ,

ಕಾಗದ ಓದಿದೆ. ಮೊದಲು ಒಲೆಗೆ ಹಾಕಿದೆ, ಆಮೇಲೆ ತೆಗೆದೆ. ಒಂದು ಮೂಲೆ ಸುಟ್ಟಿದೆ.

ನಿಮ್ಮನ್ನು ಬಯ್ಯಲು ಎರಡು ದಿನ ಮಾತು ಹುಡುಕಿದೆ. ಸಿಕ್ಕಿದ ಮಾತೆಲ್ಲ ಮೊದಲು ನನ್ನ ವಿಳಾಸಕ್ಕೇ ಬಂದು ನಿಂತವು.

ಇಲ್ಲಿಯ ಸ್ಥಿತಿ ಇದು. ಅವಳಿಗೆ ಕತ್ತು ನಿಲ್ಲುವುದಿಲ್ಲ. ಗಂಜಿ ಕುಡಿಸಬೇಕಾದರೆ ತಲೆ ಎತ್ತಿ ಹಿಡಿಯಬೇಕು, ಇಲ್ಲವಾದರೆ ನೆತ್ತಿಗೆ ಹತ್ತುತ್ತದೆ. ನಾನು ತಲೆ ಹಿಡಿದರೆ ಚಮಚ ಹಿಡಿಯುವವರಿಲ್ಲ, ಚಮಚ ಹಿಡಿದರೆ ತಲೆ ಹಿಡಿಯುವವರಿಲ್ಲ. ದೊಡ್ಡಮ್ಮ ತನ್ನ ಮನೆಗೆಲಸ ಮುಗಿಸಿ ಬರುವವರೆಗೆ ಇವಳು ಕಾಯುತ್ತಾಳೆ. ಹಸಿದಾಗ ಕಣ್ಣು ಬಾಗಿಲ ಕಡೆ ಹೋಗುತ್ತದೆ. ನಾನು ಪಕ್ಕದಲ್ಲೇ ಕೂತಿರುತ್ತೇನೆ, ನನ್ನ ಕಡೆ ಬರುವುದಿಲ್ಲ.

ಕಾಲಿಗೆ ಬೀಳುವುದು ಬೇಡ. ಅವಳಿಗೆ ಬೇಡವೆನ್ನಲು ಬಾಯಿಲ್ಲ, ಅದೊಂದು ಕಷ್ಟ ಕೊಡಬೇಡಿ. ನಾನು ಕ್ಷಮಿಸಿದ್ದೇನೆಂದೂ ತಿಳಿಯಬೇಡಿ. ಹಾಗೆಂದು ಬರದೆ ಇರಬೇಡಿ. ಹನ್ನೆರಡೂವರೆಯ ಒಳಗೆ ಬನ್ನಿ. ಗಂಜಿ ಕುಡಿಸಲು ಎರಡು ಕೈ ಬೇಕು.

ಶಿವಸ್ವಾಮಿ